ಬಕೆಟ್ಟಿನೊಳಗಿನ ನಾವಿಕ

ಗುಂಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಡಬ್ಬಿಂಗ್ ಸ್ಟುಡಿಯೋದವರು ಇಟ್ಟದ್ದು. ಪರಭಾಷೆಯ ಧಾರಾವಾಹಿಗಳಲ್ಲಿ ಸೇತುವೆ ಕುಸಿದಾಗ, ಊರಿಗೆ ಬೆಂಕಿ ಬಿದ್ದಾಗ, ಆಕಾಶದಿಂದ ಯಾವುದೋ ಹಾರುವ ತಟ್ಟೆ ಇಳಿದಾಗ ಹಿಂದುಗಡೆ ಒಂದಷ್ಟು ಜನ "ಅಯ್ಯಯ್ಯೋ! ಓಡ್ರಪ್ಪೋ!" ಎಂದು ಕೂಗುತ್ತಾರಲ್ಲ, ಆ ಗುಂಪಿನಲ್ಲಿ ಇವನದೂ ಒಂದು ಗಂಟಲು. ತಲೆಗೂದಲು ಕಪ್ಪಗಿದ್ದ ಕಾಲದಿಂದ ಕೂಗುತ್ತ ಬಂದಿದ್ದಾನೆ. ಎಷ್ಟು ಸಲ ಸತ್ತಿದ್ದಾನೋ ಅವನಿಗೇ ನೆನಪಿಲ್ಲ. ಒಮ್ಮೆಯಂತೂ ಒಂದೇ ಸಂಜೆ ಭೂಕಂಪದಲ್ಲೂ ಸತ್ತು, ಪ್ರವಾಹದಲ್ಲೂ ಸತ್ತು, ಆಮೇಲೆ ಬಸ್ಸು ಹಿಡಿದು ಮನೆಗೆ ಬಂದಿದ್ದ.

ಹಗಲಿನಲ್ಲಿ ಬೇರೆ ಕೆಲಸ. ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯ ಉಸ್ತುವಾರಿ ಅವನದು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಮ್ಮೆ ಒಂದು ಹಲ್ಲುಸೆಟ್ಟು. ಬಂದವರೆಲ್ಲ "ನನ್ನ ಕೊಡೆ ಕಪ್ಪಗಿತ್ತು" ಎನ್ನುತ್ತಾರೆ. ಕೋಣೆಯಲ್ಲಿರುವ ಕೊಡೆಗಳೆಲ್ಲ ಕಪ್ಪಗೇ ಇರುತ್ತವೆ. ದಿನವಿಡೀ ಕೌಂಟರಿನ ಹಿಂದೆ ನಿಂತು ನಿಂತು ಮಂಡಿ ಹೋಗಿದೆ, ಅಲ್ಲಿಂದ ಸ್ಟುಡಿಯೋಗೆ ಹೋಗಿ ಕೂಗಿ ಕೂಗಿ ಗಂಟಲು ಹೋಗಿದೆ. ಮನೆಗೆ ಬರುವ ಹೊತ್ತಿಗೆ ಗುಂಪಣ್ಣನಲ್ಲಿ ಉಳಿದಿರುವುದು ಮಂಡಿಗೂ ಗಂಟಲಿಗೂ ನಡುವೆ ಇರುವುದಷ್ಟೇ, ಅದೂ ಹಸಿದಿರುತ್ತದೆ.

ಮನೆಯಲ್ಲಿ ಅವನಲ್ಲದೆ ಇನ್ನಿಬ್ಬರು. ಹೆಂಡತಿ ಔಷಧದ ಅಂಗಡಿಯಲ್ಲಿ ಕ್ಯಾಷಿಯರ್. ಇನ್ನೊಂದು, ಮರಿ. ಒಂದೇ ಕೂಸು. ಓದು ಮುಗಿಸಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ ವರ್ಷಗಳಾದರೂ ಮನೆಯವರ ಬಾಯಲ್ಲಿ ಇನ್ನೂ "ಮರಿ ಬಂತು, ಮರಿ ಉಣ್ತು" ಎಂದೇ. ನಾವೂ ಸದ್ಯಕ್ಕೆ ಹಾಗೇ ಹೇಳೋಣ.

ಹುಟ್ಟಿದಾಗಿನಿಂದ ಎಲ್ಲರೂ ಮರಿಯನ್ನು ಹೆಣ್ಣುಮಗಳು ಎಂದುಕೊಂಡಿದ್ದರು. ತಾನು ಹುಡುಗ ಎಂಬುದು ಮರಿಗೆ ಮಾತ್ರ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಅಮ್ಮನಿಗೆ ಹೇಳಿಯಾಗಿತ್ತು. ಅಮ್ಮ ಒಂದು ದಿನ ಅತ್ತು, ಒಂದು ದಿನ ಸುಮ್ಮನಿದ್ದು, ಆಮೇಲೆ "ಆಯ್ತು, ಊಟ ಮಾಡು. ನಿಮ್ಮಪ್ಪಂಗೆ ನೀನೇ ಹೇಳ್ಕೋ, ನನ್ನ ಕೈಲಿ ಆಗಲ್ಲ" ಎಂದಿದ್ದಳು. ಅಪ್ಪನಿಗೆ ಹೇಳಬೇಕಾದ ಆ ಒಂದು ಮಾತನ್ನು ಮರಿ ತಿಂಗಳುಗಟ್ಟಲೆಯಿಂದ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿತ್ತು. ಸಂಜೆ ಪಕ್ಕದಲ್ಲಿ ಬಂದು ಕೂರುತ್ತಿತ್ತು. "ಅಪ್ಪಾ" ಎನ್ನುತ್ತಿತ್ತು. ಅಷ್ಟರಲ್ಲಿ ಅಪ್ಪ ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಕಾಲಿನದು ಹಾಗೇ ಇರುವಂತೆ, ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ.

ಗುಂಪಣ್ಣ ಏನನ್ನೂ ಗಮನಿಸುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಮರಿ ಕೂದಲು ಕತ್ತರಿಸಿಕೊಂಡು ಬಂದ ದಿನ ಗಮನಿಸಿ, "ಒಳ್ಳೇದಾಯ್ತು, ಶಾಂಪೂ ಉಳೀತು" ಎಂದಿದ್ದ. ತನ್ನ ಹಳೆಯ ಶರಟನ್ನು ಹಾಕಿಕೊಂಡಾಗಲೂ ಗಮನಿಸಿ, "ಆ ಕಾಲರ್ ತಿರುಗಿಸಿ ಹೊಲ್ಸಿರೋದು, ಜೋಪಾನ" ಎಂದಿದ್ದ. ಇದಕ್ಕಿಂತ ಹೆಚ್ಚು ಗಮನ ಕೊಡಲು ಆ ಮನುಷ್ಯನಲ್ಲಿ ತ್ರಾಣವಿರಲಿಲ್ಲ.

ಇಂಥ ಗುಂಪಣ್ಣನಿಗೆ ಒಂದು ದಿನ ಪಾತ್ರ ಸಿಕ್ಕಿತು.

ಸಿಕ್ಕಬೇಕಾಗಿದ್ದುದು ಬೇರೆಯವರಿಗೆ. ಅವರ ಗಂಟಲು ಕೆಟ್ಟು ಆಸ್ಪತ್ರೆ ಸೇರಿದರು. ಡಬ್ಬಿಂಗ್ ನೋಡಿಕೊಳ್ಳುವ ಮೇಡಂ ಸುತ್ತ ಕಣ್ಣಾಡಿಸಿ, ಬೇರೆ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, "ಗುಂಪಣ್ಣ, ನೀವೇ ಬನ್ನಿ" ಎಂದರು.

ಅದು ಬಾಹ್ಯಾಕಾಶದ ಧಾರಾವಾಹಿ. ಗುಂಪಣ್ಣನ ಪಾತ್ರ ಒಂದು ನೌಕೆಯ ನಾವಿಕ, ಬೇರೆ ಗ್ರಹದ ಜೀವಿ. ಆ ಗ್ರಹದವರು ಗಾಜಿನ ಪೆಟ್ಟಿಗೆಯೊಳಗೆ ದೀರ್ಘ ನಿದ್ದೆ ಮಾಡುತ್ತಾರೆ. ಮಲಗುವಾಗ ಗಂಡಾಗಿದ್ದವರು ಏಳುವಾಗ ಹೆಣ್ಣಾಗಿರಬಹುದು, ಹೆಣ್ಣಾಗಿದ್ದವರು ಗಂಡಾಗಿರಬಹುದು, ಒಬ್ಬೊಬ್ಬರು ಎರಡೂ ಬೇಡವೆಂದು ಹಾಗೇ ಇರಬಹುದು. ಅವರಲ್ಲಿ ಇದೊಂದು ದೊಡ್ಡ ವಿಷಯವೇ ಅಲ್ಲ. ನೌಕೆಯಲ್ಲಿರುವ ಮನುಷ್ಯರಿಗೆ ಮಾತ್ರ ದೊಡ್ಡ ವಿಷಯ.

"ಅಂದ್ರೆ ಇನ್ಮೇಲೆ ನಾನು ಹೆಂಗಸಿನ ಧ್ವನಿ ಮಾಡ್ಬೇಕಾ ಮೇಡಂ?"

"ಬೇಡ."

"ಹಾಗಾದ್ರೆ ಗಂಡಸಿನದೇ?"

"ಅದೂ ಬೇಡ."

"ಮತ್ತೆ ಯಾರದು?"

"ನಾವಿಕರದು. ದೇಹ ಹೊಸದು, ಒಳಗಿರೋರು ಹಳಬರು. ಅಷ್ಟೇ ಗುಂಪಣ್ಣ, ಇದರಲ್ಲಿ ತಲೆ ಕೆಡ್ಸಿಕೊಳ್ಳೋದು ಏನೂ ಇಲ್ಲ" ಎಂದರು ಮೇಡಂ. ಗುಂಪಣ್ಣ ತಲೆ ಕೆಡಿಸಿಕೊಂಡ.

ಹೊರಡುವಾಗ ಮೇಡಂ ಇನ್ನೊಂದು ಮಾತು ಸೇರಿಸಿದರು. "ಕಥೆ ಹೊರಗೆ ಹೋಗೋ ಹಾಗಿಲ್ಲ. ಮನೇಲಿ ಕೂಡ ಬಾಯಿ ಬಿಡಬೇಡಿ. ಚಾನೆಲ್‌ನೋರಿಗೆ ಗೊತ್ತಾದ್ರೆ ನಾಳೆಯಿಂದ ಮತ್ತೆ ಗುಂಪಿಗೇ ಹೋಗ್ತೀರಿ, ನೋಡಿ."

ಜೀವಮಾನದಲ್ಲಿ ಮೊದಲ ಸಲ ಗುಂಪಣ್ಣನ ಧ್ವನಿಗೊಂದು ಮುಖ ಸಿಕ್ಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋದ.

ತೊಂದರೆ ಬಂದದ್ದು ಒಂದು ಸಾಲಿನಿಂದ. ನಾವಿಕ ಹೆಣ್ಣಿನ ದೇಹದಲ್ಲಿ ಎಚ್ಚರಗೊಂಡು, ಶಿರಸ್ತ್ರಾಣ ತೊಟ್ಟು ನೌಕೆಯ ಹೊರಗಿನ ರಿಪೇರಿ ಮುಗಿಸಿ ಬಂದು ಬಾಗಿಲು ತಟ್ಟುತ್ತದೆ. ಒಳಗಿನವರು ಅಪರಿಚಿತರೆಂದು ಹೆದರಿ ಬಾಗಿಲು ತೆಗೆಯುವುದಿಲ್ಲ. ಆಗ ನಾವಿಕ ಹೇಳಬೇಕು: "ಹೌದು, ನನ್ನ ದೇಹ ಬದಲಾಗಿದೆ. ಮಲಗುವಾಗ ಗಂಡಾಗಿದ್ದೆ, ಏಳುವಾಗ ಹೆಣ್ಣಾಗಿದ್ದೇನೆ. ಆದರೆ ಇದು ನಾನೇ. ಬಾಗಿಲು ತೆಗೆಯಿರಿ."

ಗುಂಪಣ್ಣ ಹೇಳಿದ.

"ಪಾರ್ಸೆಲ್ ಕೊಡೋಕೆ ಬಂದೋರ ಥರ ಇದೆ" ಎಂದರು ಮೇಡಂ ಗಾಜಿನ ಆಚೆಯಿಂದ.

ಮತ್ತೆ ಹೇಳಿದ.

"ಈಗ ಬಾಡಿಗೆ ಕೇಳೋಕೆ ಬಂದಂಗಿದೆ. ಗುಂಪಣ್ಣ, ಒಳಗಿರೋರು ನಿಮ್ಮ ಜನ. ಜೊತೇಲಿ ಉಂಡೋರು. ಅವರೇ ಬಾಗಿಲು ಹಾಕ್ಕೊಂಡಿದಾರೆ. ಹಂಗೆ ಹೇಳಿ."

"ಬರ್ತಿಲ್ಲ ಮೇಡಂ" ಎಂದ ಗುಂಪಣ್ಣ ಬೆವರು ಒರೆಸಿಕೊಳ್ಳುತ್ತ. "ಅಲ್ಲಾ, ಕೊನೆಗೆ ಬಾಗಿಲು ತೆಗೀತಾರಾ?"

"ನಂಗೇನು ಗೊತ್ತು? ಆ ಕಡೆಯವರ ಪೀಸು ಮುಂದಿನ ವಾರ, ಬೇರೆಯವರು ಮಾಡ್ತಾರೆ. ನಿಮ್ಮ ಪೀಸು ನೀವು ಮಾಡಿ."

ಡಬ್ಬಿಂಗಿನ ಕೆಲಸವೇ ಹಾಗೆ. ಒಬ್ಬೊಬ್ಬರಾಗಿಯೇ ಕತ್ತಲಕೋಣೆಗೆ ಹೋಗಿ ತಮ್ಮ ತಮ್ಮ ತುಂಡು ಹೇಳಿ ಬರುತ್ತಾರೆ. ಕೂಗಿದವರಿಗೆ ಉತ್ತರ ಕೇಳುವುದಿಲ್ಲ, ಉತ್ತರ ಕೊಟ್ಟವರಿಗೆ ಕೂಗಿದವರ ಗುರುತಿರುವುದಿಲ್ಲ. ಎಲ್ಲವನ್ನೂ ಆಮೇಲೆ ಜೋಡಿಸುತ್ತಾರೆ. ಮೇಡಂ ಗಡಿಯಾರ ನೋಡಿ, "ಗುರುವಾರಕ್ಕೆ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ. ಶಿರಸ್ತ್ರಾಣದೊಳಗಿಂದ ಮಾತಾಡ್ತಿರೋ ಹಾಗೆ ಗುಂಯ್ ಅನ್ನಬೇಕು" ಎಂದು ಕಳಿಸಿದರು.

ಗುಂಯ್ ಅನ್ನಿಸಲು ಗುಂಪಣ್ಣನಿಗೆ ಹೊಳೆದ ಉಪಾಯವೆಂದರೆ ಬಚ್ಚಲುಮನೆ. ಒಳಗೆ ಹೋಗಿ ಚಿಲಕ ಹಾಕಿ, ಪ್ಲಾಸ್ಟಿಕ್ ಬಕೆಟ್ಟನ್ನು ತಲೆಗೆ ಕವುಚಿಕೊಂಡು ಸಾಲನ್ನು ಹೇಳಿ ನೋಡಿದ. ಅದ್ಭುತವಾಗಿ ಗುಂಯ್ ಎಂದಿತು. ಸಾಕ್ಷಾತ್ ಅಂತರಿಕ್ಷವೇ ಎಂದುಕೊಂಡು ಇನ್ನೂ ಜೋರಾಗಿ ಹೇಳಿದ. ಅಂದಿನಿಂದ ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ ಅದೇ ಕೆಲಸವಾಯಿತು.

ಆ ಕಟ್ಟಡದ ಬಚ್ಚಲುಮನೆಗಳ ಪುಟ್ಟ ಕಿಟಕಿಗಳೆಲ್ಲ ನೆಲದಿಂದ ತಾರಸಿಯವರೆಗೆ ಹೋಗುವ ಒಂದೇ ಡಕ್ಟಿಗೆ ತೆರೆದುಕೊಂಡಿದ್ದವು. ಕೆಳಗಿನ ಮನೆಯವರು ಬಾಯಿ ಮುಕ್ಕಳಿಸಿದ್ದು ಮೇಲಿನ ಮನೆಯವರಿಗೆ ಗೊತ್ತಾಗುತ್ತಿತ್ತು. ಯಾರ ಮನೆಯಲ್ಲಿ ಬಿಸಿನೀರಿಲ್ಲ, ಯಾರ ಮನೆಯಲ್ಲಿ ಅಳಿಯ ಬಂದಿದ್ದಾನೆ, ಎಲ್ಲವೂ ಡಕ್ಟಿಗೆ ಗೊತ್ತು. ಗುಂಪಣ್ಣನಿಗೂ ಇದು ಗೊತ್ತಿದ್ದ ಸಂಗತಿಯೇ. ಆದರೆ ಬಕೆಟ್ಟಿನೊಳಗೆ ತಲೆ ಇರುವಾಗ ಇಂಥದ್ದೆಲ್ಲ ಯಾರಿಗೆ ನೆನಪಾಗುತ್ತದೆ?

ಮೊದಲು ಕೇಳಿಸಿಕೊಂಡವರು ಮೇಲಿನ ಮನೆಯ ನರ್ಸಮ್ಮ. ನಿವೃತ್ತಿಯಾಗಿದ್ದರೂ ಕಟ್ಟಡಕ್ಕೆಲ್ಲ ಅವರೇ ಆಸ್ಪತ್ರೆ. ಕೇಳಿಸಿಕೊಂಡವರು ಕೈಯಲ್ಲಿದ್ದ ಸೋಪನ್ನು ಕೆಳಗೆ ಹಾಕಿದರು, ಎತ್ತಿಕೊಂಡರು, ಮತ್ತೆ ಕೇಳಿಸಿಕೊಂಡರು. ಖಾತ್ರಿಗೆಂದು ಮರುದಿನವೂ ಕಾದು ಕೇಳಿಸಿಕೊಂಡರು. ಆಮೇಲೆ ಮೆಟ್ಟಿಲಿಳಿದು ಬಂದು ಗುಂಪಣ್ಣನ ಹೆಂಡತಿಯ ಕೈ ಹಿಡಿದುಕೊಂಡರು.

"ತಾಯೀ, ಧೈರ್ಯ ತಂದ್ಕೋ. ನಿಮ್ಮ ಬಚ್ಚಲಿಂದ ಯಾರೋ ದಿನಾ ಹೇಳ್ತಿದಾರೆ. ಮೈ ಬದಲಾಗಿದೆಯಂತೆ, ಗಂಡು-ಹೆಣ್ಣು ಅಂತೆಲ್ಲ."

ಹೆಂಡತಿಯ ಮುಖ ಬಿಳಿಚಿಕೊಂಡಿತು. ಮರಿಯ ವಿಷಯ ಕಟ್ಟಡಕ್ಕೆಲ್ಲ ಗೊತ್ತಾಯಿತಲ್ಲ ಎಂದು ಜೀವ ಬಾಯಿಗೆ ಬಂತು. "ನರ್ಸಮ್ಮ, ಮಗು ಅದು. ದಯವಿಟ್ಟು ಯಾರಿಗೂ—"

"ಯಾವ ಮಗು? ನಿನ್ನ ಗಂಡನ ಧ್ವನಿ ಕಣೇ!"

ಹೆಂಡತಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು.

"ಇವರೂನಾ!" ಎಂದಳು.

ಆಮೇಲೆ, "ಒಂದು ಮನೆಗೆ ಒಬ್ಬರಾದ್ರೆ ಹೇಗೋ ತೂಗಿಸ್ಕೊಂಡು ಹೋಗ್ಬಹುದಿತ್ತು" ಎಂದೂ ಸೇರಿಸಿದಳು. ನರ್ಸಮ್ಮನಿಗೆ ಇದು ಅರ್ಥವಾಗಲಿಲ್ಲ.

ಸಂಜೆ ಗುಂಪಣ್ಣ ಬಂದು ಒಂದು ಚಪ್ಪಲಿ ಬಿಚ್ಚುವಷ್ಟರಲ್ಲಿ ಹೆಂಡತಿ ಎದುರು ನಿಂತಳು.

"ನಂಗೆ ಹೇಳ್ಬೇಕಾದ್ದು ಏನಾದ್ರೂ ಇದೆಯಾ?"

ಗುಂಪಣ್ಣ ಇನ್ನೊಂದು ಚಪ್ಪಲಿಯನ್ನು ಹಾಗೇ ಬಿಟ್ಟ. ಪಾತ್ರದ ಗುಟ್ಟು ರಟ್ಟಾಯಿತು! "ಇದೆ. ಆದ್ರೆ ಈಗ ಹೇಳೋ ಹಾಗಿಲ್ಲ ಮಾರಾಯ್ತಿ. ಸ್ವಲ್ಪ ದಿನ ತಡ್ಕೋ. ಆಮೇಲೆ ಟೀವೀಲೇ ಬರುತ್ತೆ, ಊರೆಲ್ಲ ನೋಡ್ತಾರೆ."

"ಟೀವೀಲಾ!"

"ಹೂಂ. ರಾತ್ರಿ ಊಟದ ಹೊತ್ತಿಗೆ ಬರುತ್ತಂತೆ. ನಿಮ್ಮಣ್ಣನೂ ನೋಡ್ಲಿ, ಇಷ್ಟು ದಿನ ನನ್ನ ಹಗುರ ಮಾಡಿದ್ದು ಸಾಕು."

ಹೆಂಡತಿ ಬೇರೆ ದಾರಿ ಕಾಣದೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು, ತೊಳೆದಿದ್ದ ಪಾತ್ರೆಗಳನ್ನೇ. ಒಳಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮರಿ ಅಪ್ಪನ ಪಕ್ಕ ಬಂದು ಕೂತಿತು. ಆ ದಿನವೂ "ಅಪ್ಪಾ" ಎಂದಿತು. ಅಪ್ಪ ಆಗಲೇ ನಿದ್ದೆಯಲ್ಲಿದ್ದ.

ಸುದ್ದಿ ಮೆಟ್ಟಿಲಿಳಿದು ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆ ಮುಟ್ಟಿತು. ಕಾರ್ಯದರ್ಶಿ ನಿಯಮಗಳ ಮನುಷ್ಯ. ಬಟ್ಟೆ ಒಣಗಿಸುವ ಹಗ್ಗಕ್ಕೂ ಒಂದು ನಿಯಮ ಮಾಡಿದವರು. ಅವರಿಗೆ ಇನ್ನೊಂದು ಹುಚ್ಚೆಂದರೆ ಇಂಥ ಬಾಹ್ಯಾಕಾಶದ ಧಾರಾವಾಹಿಗಳು. ಯಾವುದೋ ನಕ್ಷತ್ರದಲ್ಲಿ ಮೂರು ಲಿಂಗದವರು ಸೇರಿ ಸಂಸಾರ ಮಾಡಿದರೆ ಅವರು ಚಪ್ಪಾಳೆ ತಟ್ಟುತ್ತಾರೆ. ರಾಣಿ ರಾಜನಾಗಿ ಎದ್ದು ಬಂದಾಗ ಪ್ರಜೆಗಳು ಒಪ್ಪಲಿಲ್ಲವೆಂದು ಕರವಸ್ತ್ರ ನೆನೆಯುವ ಹಾಗೆ ಅತ್ತಿದ್ದರು. ಹೊಟ್ಟೆಯಲ್ಲಿ ಕಣ್ಣಿದ್ದವರನ್ನೂ, ಹೊಗೆಯಿಂದಾದವರನ್ನೂ ಮನುಷ್ಯರ ಹಾಗೇ ನೋಡಬೇಕು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆದರೆ ಈಗ ಕೇಳಿಬಂದದ್ದು ಎರಡನೆಯ ಮಹಡಿಯ ವಿಷಯ.

ಲಿಫ್ಟಿನ ಬಳಿ ಗುಂಪಣ್ಣನನ್ನು ತಡೆದು, ದನಿ ತಗ್ಗಿಸಿ, "ಎಲ್ಲಾ ಗೊತ್ತಾಗಿದೆ" ಎಂದರು.

ಗುಂಪಣ್ಣನ ಮುಖ ಹುಳ್ಳಗಾಯಿತು. "ನಿಮಗೂ ಕೇಳಿಸ್ತಾ ಸಾರ್?"

"ಡಕ್ಟಲ್ಲಿ ಎಲ್ಲರಿಗೂ ಕೇಳಿಸಿದೆ. ಇರಲಿ. ಎಷ್ಟು ದಿನದಿಂದ ಈ ಆಸೆ?"

"ಚಿಕ್ಕಂದಿನಿಂದಾನೇ ಸಾರ್. ಅವಕಾಶ ಸಿಕ್ಕಿರಲಿಲ್ಲ ಅಷ್ಟೇ. ಇಷ್ಟು ವರ್ಷ ಗುಂಪಲ್ಲಿ ಗೋವಿಂದ ಅಂತ ಇದ್ದೆ."

"ಈ ವಯಸ್ಸಲ್ಲಿ ಇದೆಲ್ಲ ಅಪಾಯ ಅಲ್ವಾ?"

"ನುರಿತೋರು ಇದಾರೆ ಸಾರ್. ಒಬ್ಬರು ಮೇಡಂ. ಒಂದೊಂದೇ ಪೀಸು ಮಾಡ್ತಾರೆ, ಆಮೇಲೆ ಎಲ್ಲ ಸೇರಿಸಿ ಜೋಡಿಸ್ತಾರೆ. ಎಲ್ಲಿ ಜೋಡಿಸಿದ್ರು ಅಂತ ಗೊತ್ತೇ ಆಗಲ್ಲ."

ಕಾರ್ಯದರ್ಶಿ ಲಿಫ್ಟಿನ ಸರಳು ಹಿಡಿದುಕೊಂಡರು. "ನೋವು?"

"ಸ್ವಲ್ಪ ಗಂಟಲು ಹಿಡ್ಕೊಳ್ಳುತ್ತೆ. ನನಗಿಂತ ಮುಂಚೆ ಒಬ್ಬರು ಇದ್ರು, ಅವರಿಗೆ ಪಾಪ, ಕೆಟ್ಟುಹೋಗಿ ಆಸ್ಪತ್ರೇಲಿದಾರೆ. ನಂದು ಗುರುವಾರ ಇದೆ. ಯಾರಿಗೂ ಹೇಳ್ಬೇಡಿ ಸಾರ್, ಕೈ ಮುಗೀತೀನಿ."

ಕಾರ್ಯದರ್ಶಿ ಯಾರಿಗೂ ಹೇಳಲಿಲ್ಲ, ಸಂಘದ ಸದಸ್ಯರಿಗೆ ಮಾತ್ರ ಹೇಳಿದರು. ಕಟ್ಟಡದಲ್ಲಿದ್ದವರೆಲ್ಲ ಸಂಘದ ಸದಸ್ಯರೇ.

ಡಿಪೋ ಮ್ಯಾನೇಜರ್‌ನ ನಾದಿನಿ ಅದೇ ಕಟ್ಟಡದಲ್ಲಿದ್ದಳು. ಮರುದಿನ ಮ್ಯಾನೇಜರ್ ಗುಂಪಣ್ಣನನ್ನು ಒಳಗೆ ಕರೆದು, ಬಾಗಿಲು ಹಾಕಿ, ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸುತ್ತ ಕೂತರು. "ನೋಡಿ, ನಾನು ಹಳೇ ಕಾಲದೋನಲ್ಲ" ಎಂದು ಶುರುಮಾಡಿದರು. ಹಾಗೆ ಶುರುಮಾಡಿದವರು ಯಾವಾಗಲೂ ಏನು ಹೇಳುತ್ತಾರೋ ಅದನ್ನೇ ಮುಂದೆ ಹೇಳಿದರು. "ಆದ್ರೆ ಮೇಲಿನೋರಿಗೆ ನಾನು ಉತ್ತರ ಕೊಡ್ಬೇಕಲ್ಲ. ಯೂನಿಫಾರ್ಮ್ ಬಟ್ಟೆಗೆ ಈ ವಾರ ಬರೆದು ಕಳಿಸ್ಬೇಕು. ನಿಮಗೆ ಯಾವುದು ಅಂತ ಬರೀಲಿ?"

"ಮೊಣಕಾಲು ಹತ್ರ ಸ್ವಲ್ಪ ಸಡಿಲ ಇರೋದು ಸಾರ್" ಎಂದ ಗುಂಪಣ್ಣ.

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಆ ದಿನದಿಂದ ಗುಂಪಣ್ಣನಿಗೆ ಕೌಂಟರಿನ ಬಳಿ ಒಂದು ಕುರ್ಚಿ ಬಂತು. ಇಷ್ಟು ವರ್ಷ ಮಂಡಿನೋವೆಂದು ಅಂಗಲಾಚಿದರೂ ಬಾರದ ಕುರ್ಚಿ ಅದು. ಬಹುಶಃ ಪಾತ್ರ ಸಿಕ್ಕಿದ ಗೌರವಕ್ಕೆ ಎಂದುಕೊಂಡು ಗುಂಪಣ್ಣ ಕೂತ. ಕೊಡೆ ಕೇಳಲು ಬಂದವರು ಮಾತ್ರ ಹಿಂದಿಗಿಂತ ಹೆಚ್ಚಾದರು. ಕೊಡೆ ಕಳೆದುಕೊಳ್ಳದವರೂ ಬರುತ್ತಿದ್ದರು.

ಭಾನುವಾರ ಬೆಳಿಗ್ಗೆ ಭಾವ ಬಂದರು. ಭಾವ ಎಂದರೆ ಹೆಂಡತಿಯ ಅಣ್ಣ. ಶಾಲೆಗಳ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು, ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೂಲೆಗಳನ್ನು ನೋಡುವವರು. ಅವರ ಹಿಂದೆ ಕಾರ್ಯದರ್ಶಿ, ಕಾರ್ಯದರ್ಶಿಯ ಹಿಂದೆ ನರ್ಸಮ್ಮ. ಗುಂಪಣ್ಣ ವಾರಕ್ಕೊಮ್ಮೆ ಸಿಗುವ ನಿದ್ದೆಯಿಂದ ಎದ್ದು, ಬನಿಯನ್ನಿನ ಮೇಲೆ ಶರಟು ಸಿಕ್ಕಿಸಿಕೊಂಡು ಬಂದು ಕೂತ. ಹೆಂಡತಿ ಕಿಟಕಿಯ ಬಳಿ ನಿಂತಳು. ಮರಿ ಟೀ ಮಾಡಲು ಅಡುಗೆಮನೆಗೆ ಹೋಯಿತು.

"ಸುತ್ತಿ ಬಳಸಿ ಮಾತಾಡಲ್ಲ" ಎಂದರು ಭಾವ, ಸುತ್ತಿ ಬಳಸಿ ಕಾಲು ಗಂಟೆ ಮಾತಾಡಿದ ಮೇಲೆ. "ನೀನು ಹೆಂಗಸಾಗೋಕೆ ಹೊರಟಿದೀಯಂತೆ. ಗುರುವಾರ ಆಪರೇಷನ್ ಅಂತೆ. ಅದನ್ನ ಟೀವೀಲಿ ಬೇರೆ ತೋರಿಸ್ತಾರಂತೆ. ನನ್ನ ತಂಗಿ ಗತಿ ಏನು?"

ಗುಂಪಣ್ಣ ಒಬ್ಬೊಬ್ಬರ ಮುಖವನ್ನೇ ನೋಡಿದ. ಲಿಫ್ಟಿನ ಬಳಿ ಆದ ಮಾತು, ಯೂನಿಫಾರ್ಮು, ಕುರ್ಚಿ, ಎಲ್ಲವೂ ಒಂದೊಂದಾಗಿ ತಲೆಗೆ ಹತ್ತಿದವು. "ಅಯ್ಯೋ ರಾಮ! ನಾನಾ?" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡಕ್ಕೂ ಶಕ್ತಿ ಇರಲಿಲ್ಲ. "ಅದು ಹಂಗಲ್ಲ ಭಾವಾ—" ಎಂದವನು ತಟಕ್ಕನೆ ನಿಂತ. ಹಂಗಲ್ಲ ಎಂದರೆ ಹೆಂಗೆ ಎಂದು ಹೇಳಬೇಕು. ಹೇಳಿದರೆ ಪಾತ್ರ ಹೋಯಿತು, ನಾಳೆಯಿಂದ ಮತ್ತೆ "ಓಡ್ರಪ್ಪೋ".

"ಮೊದಲೇ ಹೇಳಿಬಿಡ್ತೀನಿ, ನಾನು ವಿರೋಧಿ ಅಲ್ಲ" ಎಂದರು ಕಾರ್ಯದರ್ಶಿ. "ಆದ್ರೆ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗಿಗೆ ಗಂಡಸರ ಗುಂಪು ಬೇರೆ, ಹೆಂಗಸರ ಗುಂಪು ಬೇರೆ. ಇವರು ಯಾವುದರಲ್ಲಿ ನಡೀಬೇಕು? ನಿಯಮದಲ್ಲಿ ಜಾಗವೇ ಇಲ್ಲ."

"ಅವರು ಯಾವತ್ತು ವಾಕಿಂಗ್ ಬಂದಿದಾರೆ?" ಎಂದರು ನರ್ಸಮ್ಮ. "ಅದಿರಲಿ, ಮೊನ್ನೆ ಯಾವುದೋ ರಾಣಿ ರಾಜ ಆದ್ಲು ಅಂತ ನೀವೇ ಅಲ್ವಾ ಲಿಫ್ಟಲ್ಲಿ ಕಣ್ಣೊರೆಸಿಕೊಂಡಿದ್ದು?"

"ಅದು ಬೇರೆ ಗ್ರಹ ನರ್ಸಮ್ಮ! ಅಲ್ಲಿಗೆ ನಮ್ಮ ನಿಯಮ ಅನ್ವಯ ಆಗಲ್ಲ. ಅಷ್ಟು ದೂರದಲ್ಲಿ ಯಾರು ಏನಾದ್ರೂ ಆಗ್ಲಿ, ನಂದು ಪೂರ್ತಿ ಬೆಂಬಲ ಇದೆ."

ಭಾವ ಕೈಯೆತ್ತಿ ಇಬ್ಬರನ್ನೂ ತಡೆದರು. ಅವರ ದನಿ ಮೆತ್ತಗಾಯಿತು. ಶಾಲೆಯ ಮಕ್ಕಳಿಗೆ ಉತ್ತರ ಹೇಳಿಕೊಡುವಾಗ ಆಗುತ್ತಿದ್ದ ಹಾಗೆ. "ನೋಡು, ಏನೋ ಆಯ್ತು. ಕಾರಣ ನಂಗೆ ಬೇಡ. ನೀನು ಒಂದೇ ಒಂದು ಮಾತು ಹೇಳಿಬಿಡು. 'ಇಂಥ ಅಸಹ್ಯ ನಮ್ಮ ಮನೇಲಿ ಇಲ್ಲ, ಇರೋಕೂ ಬಿಡಲ್ಲ' ಅಂತ. ಇವರ ಮುಂದೆ ಅಷ್ಟು ಹೇಳು ಸಾಕು. ನಾವು ಎದ್ದು ಹೋಗ್ತೀವಿ, ನೀನು ಹೋಗಿ ಮಲಕ್ಕೋ."

ಎಂಥ ಸುಲಭದ ದಾರಿ! ಪಾತ್ರವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ, ನಿದ್ದೆಯೂ ಸಿಗುತ್ತದೆ. ಇದಕ್ಕಿಂತ ಉದ್ದದ ಸಾಲುಗಳನ್ನು ಗುಂಪಣ್ಣ ಅರೆನಿದ್ದೆಯಲ್ಲಿ ಒಪ್ಪಿಸಿದ್ದಾನೆ. ಹಾಸಿಗೆಯನ್ನು ನೆನೆದು ಬಾಯಿ ತೆರೆದ.

ಆಗ ಕಪ್ಪುಗಳು ಸದ್ದು ಮಾಡಿದವು.

ಮರಿ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು. ಕಪ್ಪುಗಳು ಬಸಿಗಳ ಮೇಲೆ ಕಟಕಟನೆ ಕುಣಿಯುತ್ತಿದ್ದವು. ಟೀ ಚೆಲ್ಲಿ ಟ್ರೇಯಲ್ಲಿ ಹರಿದಿತ್ತು. ಮೈಮೇಲೆ ಅಪ್ಪನದೇ ಹಳೆಯ ಶರಟು, ತಿರುಗಿಸಿ ಹೊಲಿಸಿದ ಕಾಲರು. ಅಪ್ಪನ ಬಾಯನ್ನೇ ನೋಡುತ್ತಿತ್ತು, ಅದರಿಂದ ಏನು ಬೀಳುತ್ತದೋ ಎಂದು.

ಗುಂಪಣ್ಣ ಬುದ್ಧಿವಂತನೆಂದು ನಾವು ಎಲ್ಲಿಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಅವನಿಗೆ ಆಗಲೂ ಎಲ್ಲ ತಿಳಿಯಿತೆಂದಲ್ಲ. ಆದರೆ ಹೆದರಿದವರ ಸದ್ದು ಅವನಿಗೆ ಗೊತ್ತಿತ್ತು, ಜೀವಮಾನವೆಲ್ಲ ಅದನ್ನೇ ಮಾಡಿದವನು. ಮರಿ ಇಷ್ಟು ಹೆದರಿದ್ದನ್ನು ಅವನು ನೋಡಿರಲಿಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡ.

"ಹೇಳಪ್ಪಾ" ಎಂದರು ಭಾವ.

"ಇದ್ರೆ ಏನೀಗ?" ಎಂದ ಗುಂಪಣ್ಣ.

"ಏನಂದೆ?"

"ಇದ್ರೆ ಇರ್ಲಿ ಬಿಡಿ ಭಾವಾ. ನಮ್ಮನೇಲಿ ಇದ್ರೆ ನಮ್ಮದೇ ಅಲ್ವಾ? ಯಾರೂ ಬಸ್ಸಲ್ಲಿ ಮರೆತು ಹೋಗಿದ್ದಲ್ಲವಲ್ಲ." ಮಂಡಿ ಹಿಡಿದುಕೊಂಡು ಎದ್ದ. "ಅಸಹ್ಯ ಗಿಸಹ್ಯ ಅಂತ ನಾನು ಹೇಳಲ್ಲ. ನಂಗೆ ಸಾಕಾಗಿದೆ. ಹೆಂಗಸು ಅಂತ ಬರ್ಕೊಳ್ಳಿ, ಗಂಡಸು ಅಂತ ಬರ್ಕೊಳ್ಳಿ, ಏನಾದ್ರೂ ಬರ್ಕೊಳ್ಳಿ. ವಾಕಿಂಗಿಗೆ ನಾನು ಹೇಗೂ ಬರಲ್ಲ."

ಭಾವ ಎದ್ದರು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದರು. ಹಿಂದೆ ಗೋಡೆಯ ಬಣ್ಣದ ವಿಷಯಕ್ಕೂ ಹಾಗೇ ಅಂದಿದ್ದರು. ಕಾರ್ಯದರ್ಶಿ ಗೊಂದಲದಲ್ಲಿ ಕೇಳಿದರು, "ಸಂಘದ ಪುಸ್ತಕದಲ್ಲಿ ಇದನ್ನ ಏನಂತ ಬರೀಲಿ?"

"ಟೀ ಸಿಗಲಿಲ್ಲ ಅಂತ ಬರೀರಿ" ಎಂದಳು ಹೆಂಡತಿ, ಬಾಗಿಲು ತೆರೆದು ಹಿಡಿದು. ಗಂಡ ಹಾಗೆ ಎದುರು ನಿಂತದ್ದನ್ನು ನೋಡಿ ಅವಳಿಗೆ ಬಹಳ ವರ್ಷಗಳಾಗಿದ್ದವು.

ಅವರೆಲ್ಲ ಹೋದ ಮೇಲೆ ನೋಡಿದರೆ ಟ್ರೇ ನೆಲದ ಮೇಲಿತ್ತು, ಮರಿ ಇರಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿತ್ತು. ಒಳಗೆ ನಲ್ಲಿ ಜೋರಾಗಿ ಬಿಟ್ಟಿತ್ತು, ಅಳುವುದು ಕೇಳಿಸದಿರಲೆಂದು. ಕೇಳಿಸುತ್ತಿತ್ತು.

ಗುಂಪಣ್ಣ ಬಾಗಿಲ ಬಳಿ ಹೋಗಿ ನಿಂತ. "ಮರೀ."

ನಲ್ಲಿ ನಿಂತಿತು.

"ಅಪ್ಪಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ನಿದ್ದೆ ಮಾಡ್ಬೇಡಿ."

"ಇಲ್ಲ, ನಿಂತಿದೀನಿ. ನಿಂತ್ಕೊಂಡು ನಿದ್ದೆ ಬರಲ್ಲ."

"ಅವರೆಲ್ಲ ಬಂದು ಮಾತಾಡಿದ್ದು ನಿಮ್ಮ ವಿಷಯ ಅಲ್ಲಪ್ಪ. ನಂದು. ಅವರಿಗೆ ಗೊತ್ತಿಲ್ಲ ಅಷ್ಟೇ." ಮರಿ ಮೂಗೆಳೆದುಕೊಂಡಿತು. "ನಾನು ನಿಮ್ಮ ಮಗಳಲ್ಲ. ಮಗ. ಮೊದಲಿಂದಾನೂ. ಅಮ್ಮಂಗೆ ಗೊತ್ತು. ನಿಮಗೆ ಹೇಳೋಕೆ ಎಷ್ಟು ಸಲ ಬಂದೆ."

ಗುಂಪಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು. ಕತ್ತರಿಸಿದ ಕೂದಲು, ಶರಟು, ಪಕ್ಕದಲ್ಲಿ ಬಂದು ಕೂತ ಸಂಜೆಗಳು. ಇಷ್ಟೂ ಕಣ್ಣೆದುರೇ ಇತ್ತಲ್ಲ ಎನಿಸಿ ಗುಂಪಣ್ಣನಿಗೆ ನಾಚಿಕೆಯಾಯಿತು, ಸಂಕಟವಾಯಿತು.

"ಅಪ್ಪಾ, ಇದೀರಾ?"

"ಇದೀನಿ."

"ನೀವು ಬಕೆಟ್ ಹಾಕ್ಕೊಂಡು ಹೇಳ್ತಿದ್ರಲ್ಲ, ಅದು ಡಬ್ಬಿಂಗ್ ಅಂತ ನಂಗೆ ಮೊದಲ ದಿನಾನೇ ಗೊತ್ತಾಯ್ತು. ಅಂಥ ಕನ್ನಡ ಮನೇಲಿ ಯಾರೂ ಮಾತಾಡಲ್ಲ. ನಿಮ್ಮ ಗುಟ್ಟಿರ್ಬೇಕು ಅಂತ ಅಮ್ಮಂಗೂ ಹೇಳಲಿಲ್ಲ." ಅಳುವಿನ ನಡುವೆ ಸಣ್ಣದೊಂದು ನಗು ಬಂದು ಹೋಯಿತು. "ಕೊನೆಗೆ ಅವರು ಬಾಗಿಲು ತೆಗೆದ್ರಾ?"

"ಗೊತ್ತಿಲ್ಲ ಕಣೋ. ಅದು ನನ್ನ ಪೀಸಲ್ಲಿಲ್ಲ." ಗುಂಪಣ್ಣ ಹಣೆಯನ್ನು ಬಾಗಿಲಿಗೆ ಆನಿಸಿದ. ಮಂಡಿ ಸಿಡಿಯುತ್ತಿತ್ತು. ಆಚೆ ಇರುವವನು ಅವನ ಜನ, ಜೊತೆಯಲ್ಲಿ ಉಂಡವನು, ಬಾಗಿಲು ಹಾಕಿಕೊಂಡಿದ್ದಾನೆ. "ನಾನೇ ಕಣೋ ಮರಿ. ನಿಮ್ಮಪ್ಪ. ಬಾಗಿಲು ತೆಗಿ."

ಮೈಕು ಇರಲಿಲ್ಲ, ಗಾಜಿನ ಆಚೆ ಮೇಡಂ ಇರಲಿಲ್ಲ, ಗುಂಯ್ ಎನ್ನಲೂ ಇಲ್ಲ. ಚಿಲಕ ಮಾತ್ರ ಸರಿಯಲಿಲ್ಲ.

ಆಗ ಬಚ್ಚಲಿನ ಪುಟ್ಟ ಕಿಟಕಿಯಿಂದ, ಡಕ್ಟಿನ ಮೇಲುಗಡೆಯಿಂದ, ನರ್ಸಮ್ಮನ ಗಂಟಲು ಇಳಿದು ಬಂತು.

"ಬಾಗಿಲು ತೆಗೆಯೋ ಮಗನೇ! ನಿಮ್ಮಪ್ಪಂಗೆ ಮಂಡಿನೋವು. ಎಷ್ಟೊತ್ತು ನಿಲ್ಸ್ತೀಯಾ ಪಾಪ ಆ ಮನುಷ್ಯನ್ನ?"

ಕೆಳಗಡೆಯಿಂದ ಕಾರ್ಯದರ್ಶಿಯವರು ಕೆಮ್ಮಿದ್ದು ಕೇಳಿಸಿತು. ಏನೋ ಹೇಳಲು ಹೊರಟು, ಯಾವ ನಿಯಮವೂ ನೆನಪಾಗದೆ, "ಹೌದಪ್ಪಾ, ತೆಗಿ" ಎಂದರು.

ಚಿಲಕ ಸರಿಯಿತು. ಮರಿ ಹೊರಗೆ ಬಂದ. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಬಕೆಟ್ಟಿತ್ತು. ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಅಪ್ಪನ ಕಡೆ ಚಾಚಿದ. "ಪ್ರಾಕ್ಟೀಸ್ ಮಾಡ್ಕೊಳ್ಳಿ. ಗುರುವಾರ ಇದೆಯಲ್ಲ."

ಗುಂಪಣ್ಣ ಬಕೆಟ್ಟನ್ನು ತೆಗೆದುಕೊಂಡು ನೆಲದ ಮೇಲಿಟ್ಟ. ಒಂದು ಕೈಯನ್ನು ಮಗನ ಭುಜದ ಮೇಲೆ ಊರಿ, ಭಾರ ಬಿಟ್ಟು ನಿಂತ.

"ಬೇಡ ಬಿಡು" ಎಂದ. "ಬಂತು."